ಸಣ್ಣಿ ಹಾಕಿದ ಹಿಡಿ ಮಣ್ಣು

ಆಗಿನ್ನೂ ಲೋಕ ಹೊಸದು. ಸಗಣಿ ಸಾರಿಸಿದ ನೆಲದ ಹಾಗೆ ಬೆಟ್ಟ ಬಯಲು ಎಲ್ಲ ಹಸಿಹಸಿಯಾಗಿದ್ದವು. ಹೊಳೆಗೆ ಯಾವ ಕಡೆ ಹರಿಯಬೇಕು ಅನ್ನೋದೇ ಸರಿಯಾಗಿ ಗೊತ್ತಿರಲಿಲ್ಲ, ದಿನಕ್ಕೊಂದು ದಾರಿ ಹಿಡಿಯುತ್ತಿತ್ತು. ಗಾಳಿ, ನೆಲ, ಹಸು, ಇರುವೆ ಎಲ್ಲಕ್ಕೂ ಮಾತು ಬರುತ್ತಿತ್ತು. ಮನುಷ್ಯರು ಅವುಗಳ ಜೊತೆ ಜಗಳವನ್ನೂ ಆಡುತ್ತಿದ್ದರು, ಆಮೇಲೆ ರಾಜಿಯೂ ಆಗುತ್ತಿದ್ದರು.

ಎರೆಹುಳ ಅನ್ನೋದು ಆಗ ಇರಲಿಲ್ಲ. ಇನ್ನು ಸಾವು. ಅದು ಎಲ್ಲೋ ಇತ್ತು, ಇರುವೆಗಳ ಮನೆಗೆ ದಿನಾ ಹೋಗಿ ಬರುತ್ತಿತ್ತು. ಮನುಷ್ಯರ ಮನೆ ಬಾಗಿಲಿಗೆ ಮಾತ್ರ ಇನ್ನೂ ಬಂದಿರಲಿಲ್ಲ.

ಹೊಳೆದಂಡೆಯ ಗುಡಿಸಲಲ್ಲಿ ಸಣ್ಣಿ ಅಂತ ಒಬ್ಬ ಹುಡುಗಿ ಇದ್ದಳು. ಅವಳ ಅವ್ವ ಮರಿಯವ್ವ. ಅವ್ವ ಇದ್ದರೇನು, ಸಣ್ಣಿ ಬೆಳೆದದ್ದೆಲ್ಲ ಅಜ್ಜಿಯ ಮಡಿಲಲ್ಲಿ. ಬೋರಜ್ಜಿ ಹೊಳೆಗೆ ಹೋದರೆ ಸಣ್ಣಿಯೂ ಹೊಳೆಗೆ, ಬೋರಜ್ಜಿ ಸೌದೆಗೆ ಹೋದರೆ ಸಣ್ಣಿಯೂ ಸೌದೆಗೆ. ಬಾಲ ಅಂದರೆ ಬಾಲ. ಮಲಗುವಾಗ ಅಜ್ಜಿಯ ಸೆರಗಿನ ಚುಂಗನ್ನು ಮುಷ್ಟಿಗೆ ಸುತ್ತಿಕೊಂಡರೇನೇ ಅವಳಿಗೆ ನಿದ್ದೆ. ಮಗ್ಗುಲು ಬದಲಿಸೋಕೂ ಬಿಡಲ್ಲ ಈ ಪೀಡೆ ಅಂತ ಅಜ್ಜಿ ಬಯ್ಯುತ್ತಿದ್ದಳು. ಬಯ್ದು, ಬಯ್ದು, ಸೆರಗು ಜಗ್ಗದ ಹಾಗೆ ಒಂದೇ ಮಗ್ಗುಲಲ್ಲಿ ಬೆಳಗಾಗುವವರೆಗೆ ಮಲಗಿರುತ್ತಿದ್ದಳು.

ಒಂದು ಬೆಳಿಗ್ಗೆ ಹೊತ್ತು ಏರಿದರೂ ಅಜ್ಜಿ ಏಳಲಿಲ್ಲ.

ಸಣ್ಣಿಗೆ ಮೊದಲು ಖುಷಿಯೇ ಆಯಿತು. ಇವತ್ತು ಇನ್ನೊಂದಿಷ್ಟು ಹೊತ್ತು ಬಿದ್ದುಕೊಂಡಿರಬಹುದು ಅಂತ ಅಜ್ಜಿಯ ಮೈಗೆ ಒತ್ತಿಕೊಂಡಳು. ಮೈ ತಣ್ಣಗಿತ್ತು. ಅಜ್ಜಿಗೆ ಚಳಿ ಅಂದುಕೊಂಡು ಕಂಬಳಿ ಹೊದಿಸಿದಳು. ಅಂಬಲಿ ಬಿಸಿ ಮಾಡಿ ತಂದು ಬಾಯಿಗೆ ಬಿಟ್ಟಳು. ಅಂಬಲಿ ಕಟವಾಯಿಯಿಂದ ಇಳಿದು ಕಿವಿಯ ಹತ್ತಿರ ಹೋಯಿತು. ಅದನ್ನು ಒರೆಸಿ ಮತ್ತೆ ಬಿಟ್ಟಳು. ಅದೂ ಇಳಿಯಿತು.

ಊರೆಲ್ಲ ಸೇರಿತು. ಯಾರಿಗೂ ಏನೂ ತಿಳಿಯದು. ಒಬ್ಬರು ಅಂಗಾಲು ಉಜ್ಜಿದರು, ಒಬ್ಬರು ಹೆಸರು ಹಿಡಿದು ಕೂಗಿದರು. ಮಾರನೇ ದಿನವೂ ಅಜ್ಜಿ ಏಳಲಿಲ್ಲ. ಮೈ ವಾಸನೆ ಬರೋಕೆ ಶುರುವಾಯಿತು. ಮಕ್ಕಳ ಮುಂದೆ ಇದನ್ನೆಲ್ಲ ಹೇಳಬಾರದು ಅಂತಾರೆ, ನಾನು ಹೇಳುತ್ತೇನೆ. ಹೇಳದೆ ಇದ್ದದ್ದಕ್ಕೇ ಈ ಕಥೆ ಆದದ್ದು.

ಗೋಡೆ ಹತ್ತಿ ಹೋಗುತ್ತಿದ್ದ ಇರುವೆಯೊಂದು ನಿಂತು, ಈಯಮ್ಮ ಮಲಗಿಲ್ಲ, ಸತ್ತಿದ್ದಾಳೆ ಅಂತು. ನಮ್ಮಲ್ಲಿ ದಿನಾ ಆಗುತ್ತೆ, ಸತ್ತವರು ಏಳಲ್ಲ, ಅವರನ್ನು ಮನೆಯಲ್ಲಿ ಇಟ್ಟುಕೊಳ್ಳೋಕಾಗಲ್ಲ ಅಂತು. ಮರಿಯವ್ವ ಗಪ್ಪನೆ ಬಾಯಿ ಮೇಲೆ ಬೆರಳಿಟ್ಟು ಹೊರಗೆ ಒಲೆ ಮುಂದೆ ಅಂಬಲಿ ಬಿಸಿ ಮಾಡುತ್ತಿದ್ದ ಸಣ್ಣಿಯ ಕಡೆ ಕಣ್ಣು ಮಾಡಿದಳು. ಸಣ್ಣಿಗೆ ಆ ಮಾತು ಕೇಳಿಸಿರಲಿಲ್ಲ. ಇರುವೆ ಸುಮ್ಮನಾಯಿತು. ಊರವರೂ ಸುಮ್ಮನಾದರು. ಮಗುವಿಗೆ ಯಾಕೆ ಬೇಕು ಇದೆಲ್ಲ ಅಂತ ಎಲ್ಲರಿಗೂ ಅನ್ನಿಸಿತು.

ಇನ್ನು ಅಜ್ಜಿಯನ್ನು ಮಾಡುವುದೇನು? ಹೊಳೆ ಬಂದು ನನಗೆ ಕೊಡಿ ಅಂತು. ಎಲ್ಲಿಗೆ ಕರ್ಕೊಂಡು ಹೋಗ್ತೀಯಾ ಅಂತ ಕೇಳಿದರೆ ಅದಕ್ಕೇ ಗೊತ್ತಿಲ್ಲ. ಆಗಲಿ ಬಿಡಿ, ಮೈಯನ್ನಾದರೂ ತೊಳೆದು ಕೊಡ್ತೀನಿ ಅಂತು ಹೊಳೆ. ಅಜ್ಜಿಗೆ ಸ್ನಾನ ಆಯಿತು. ಗಾಳಿ ಬಂದು ನನಗೆ ಕೊಡಿ ಅಂತು. ಎಳ್ಳಷ್ಟು ಹೊತ್ತೂ ಒಂದು ಕಡೆ ನಿಲ್ಲದವನಿಗೆ ಯಾರು ಕೊಡ್ತಾರೆ? ಗಾಳಿ ಬೇಜಾರು ಮಾಡಿಕೊಳ್ಳಲಿಲ್ಲ, ಬಿಟ್ಟು ಬರುವಾಗ ಹಿಂದಕ್ಕೆ ತಿರುಗಿ ನೋಡಬೇಡಿ, ನೋಡಿದರೆ ಕಾಲು ಏಳಲ್ಲ ಅಂತ ಮಾತ್ರ ಹೇಳಿ ಹೋಯಿತು. ಮೂರನೇ ದಿನಕ್ಕೆ ಹಾಲು ತುಪ್ಪ ನಂದು ಅಂದಿತು ಹಸು. ಆಯಮ್ಮ ನನ್ನ ಕರುಗೆ ಮೊದಲು ಬಿಟ್ಟು ಆಮೇಲೆ ಹಿಂಡ್ತಿದ್ಲು ಅಂತ ಅದೂ ಕಣ್ಣೀರು ಹಾಕಿತು.

ಕೊನೆಗೆ ನೆಲ ಮಾತಾಡಿತು.

"ನನಗೆ ಕೊಡಿ. ನಾನು ಎಲ್ಲಿಗೂ ಹೋಗೋಳಲ್ಲ."

ಎಲ್ಲರಿಗೂ ಅದು ಸರಿ ಅನ್ನಿಸಿತು. ಆದರೆ ನೆಲ ಒಂದು ಮಾತು ಹೇಳಿತು. ನಾನು ಯಾರನ್ನೂ ಕಿತ್ತುಕೊಳ್ಳೋಳಲ್ಲ, ನೀವಾಗಿ ಕೊಡಬೇಕು. ಆಕೆಯ ಮನೆಯವರು, ಆಕೆಯ ಊರವರು, ಒಬ್ಬರೂ ಬಿಡದೆ ತಮ್ಮ ಕೈಯಾರೆ ಒಂದೊಂದು ಹಿಡಿ ಮಣ್ಣು ಹಾಕಬೇಕು. ಒಬ್ಬರು ಹಾಕದೆ ಹೋದರೂ ನಾನು ಬಾಯಿ ಮುಚ್ಚೋಳಲ್ಲ.

ಗುಂಡಿ ತೋಡಿದರು. ಹೊಸ ಸೀರೆ ಉಡಿಸಿ, ಹಣೆಗೆ ಅರಿಶಿನ ಕುಂಕುಮ ಇಟ್ಟು ಅಜ್ಜಿಯನ್ನು ಒಳಗೆ ಇಳಿಸಿದರು. ಮರಿಯವ್ವ ಅಳುತ್ತಾ ಹಾಕಿದಳು. ಊರವರು ಒಬ್ಬೊಬ್ಬರಾಗಿ ಹಾಕಿದರು. ಕೊನೆಗೆ ಉಳಿದವಳು ಸಣ್ಣಿ. ಅವಳ ಕೈಗೂ ಯಾರೋ ಮಣ್ಣು ಕೊಟ್ಟಿದ್ದರು. ಮುಷ್ಟಿ ಬಿಗಿ ಹಿಡಿದು ನಿಂತಳು. ಬೆರಳು ಬಿಡಿಸೋಕೆ ಹೋದರೆ ಇನ್ನೂ ಬಿಗಿ ಹಿಡಿಯುತ್ತಾಳೆ. ಅಜ್ಜಿಯನ್ನು ಯಾಕೆ ಗುಂಡಿಯಲ್ಲಿ ಮಲಗಿಸಿದಿರಿ ಅಂತ ಕೇಳುತ್ತಾಳೆ. ಕಣ್ಣೀರು ಕೆನ್ನೆಯಿಂದ ಇಳಿದು ಮುಷ್ಟಿಯ ಮೇಲೆ ಬಿದ್ದು ಒಳಗಿನ ಮಣ್ಣೆಲ್ಲ ಒದ್ದೆಯಾಯಿತು. ಹೊತ್ತು ಇಳಿಯುತ್ತಾ ಬಂತು, ನೆಲ ಬಾಯಿ ತೆರೆದುಕೊಂಡೇ ಇತ್ತು.

ಆಗ ಮರಿಯವ್ವ ಮಗಳ ಪಕ್ಕದಲ್ಲಿ ಕೂತು ಹೇಳಿದಳು.

"ಅಜ್ಜಿಗೆ ಚಳಿ ಆಯ್ತದೆ ಕಣವ್ವ. ಹೊದಿಸು. ಬೆಳಿಗ್ಗೆ ಎದ್ದೇಳ್ತಾಳೆ."

ಅಷ್ಟು ಹೇಳಿದ್ದೇ ಸಾಕಾಯಿತು. ಸಣ್ಣಿ ಬಗ್ಗಿ, ಮುಖದ ಮೇಲೆ ಬೀಳದ ಹಾಗೆ, ಅಜ್ಜಿಯ ಪಾದದ ಮೇಲೆ ಮಣ್ಣು ಹಾಕಿದಳು. ಅಜ್ಜಿಗೆ ಯಾವಾಗಲೂ ಮೊದಲು ಪಾದವೇ ತಣ್ಣಗಾಗುತ್ತಿದ್ದದ್ದು, ಅದು ಅವಳಿಗೆ ಗೊತ್ತಿತ್ತು. ನೆಲ ಬಾಯಿ ಮುಚ್ಚಿತು. ಗಾಳಿ ಹೇಳಿದ್ದ ಹಾಗೆ ಯಾರೂ ತಿರುಗಿ ನೋಡದೆ ಮನೆಗೆ ಬಂದರು. ಸಣ್ಣಿ ಮಾತ್ರ ತಿರುಗಿ ತಿರುಗಿ ನೋಡುತ್ತಾ ಬಂದಳು. ಬೆಳಿಗ್ಗೆ ಎಬ್ಬಿಸೋಕೆ ಬರಬೇಕಲ್ಲ, ಜಾಗ ನೆನಪಿರಬೇಕು ಅಂತ.

ಬೆಳಕು ಹರಿಯುತ್ತಿದ್ದ ಹಾಗೆ ಅಂಬಲಿ ಹಿಡಿದು ಹೋದಳು. ಅಜ್ಜಿಯ ಮೇಲಿನ ಮಣ್ಣುಗುಡ್ಡೆಯ ಪಕ್ಕ ಕೂತಳು. ಏಳು ಅಜ್ಜಿ ಅಂದಳು. ಅಂಬಲಿ ಆರಿತು. ವಾಪಸ್ ಬಂದು ಬಿಸಿ ಮಾಡಿಕೊಂಡು ಹೋದಳು. ಅದೂ ಆರಿತು. ಅವ್ವನನ್ನು ಕೇಳಿದರೆ ಅವ್ವ ಬೀಸುಕಲ್ಲಿನಿಂದ ತಲೆ ಎತ್ತಲಿಲ್ಲ, ಏಳ್ತಾಳೆ ಬಿಡು, ಆಟ ಆಡ್ಕೋ ಹೋಗು ಅಂದಳು. ಹೊಳೆಯನ್ನು ಕೇಳಿದರೆ ಹೊಳೆ ಬೇರೆ ದಾರಿ ಹಿಡಿಯಿತು. ಗಾಳಿಯಂತೂ ಮರದ ತುದಿಯಿಂದ ಕೆಳಗಿಳಿಯಲೇ ಇಲ್ಲ. ದೊಡ್ಡವರೆಲ್ಲ ಹೀಗೆಯೇ, ಬೇಡದ್ದಕ್ಕೆಲ್ಲ ಬಾಯಿ ಬಿಡುತ್ತಾರೆ, ಬೇಕಾದಾಗ ಬಾಯಿಗೆ ಬೀಗ.

ಹೇಳಿದ್ದು ಇರುವೆ ಒಂದೇ.

"ನಿಮ್ಮಜ್ಜಿ ಸತ್ತೋಗವ್ಳೆ. ಏಳಲ್ಲ. ನೀನು ಹಾಕಿದ್ದು ಹೊದಿಕೆ ಅಲ್ಲ ಕೂಸೆ. ನೀನು ಹಾಕಿದ ಮೇಲೇ ನೆಲ ಬಾಯಿ ಮುಚ್ಚಿದ್ದು."

ಸಣ್ಣಿ ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು. ಗುಡ್ಡೆಯ ಮೇಲೆ ಬೋರಲು ಬಿದ್ದಳು. ಅವಳು ಅತ್ತ ಅಳುವನ್ನು ನಾನು ಹೇಳಲಾರೆ. ನನ್ನಜ್ಜಿಯನ್ನು ಕೊಡು, ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಹಾಕ್ತಿರಲಿಲ್ಲ, ಕೊಡು ಅಂತ ನೆಲವನ್ನು ಗುದ್ದಿ ಗುದ್ದಿ ಕೇಳಿದಳು.

ನೆಲಕ್ಕೂ ಕರುಳು ಚುರುಕ್ ಅಂತು. ಅಳುವ ಮಗುವನ್ನು ಸುಮ್ಮನಿರಿಸೋಕೆ ದೊಡ್ಡವರು ಬಾಯಿಗೆ ಬಂದದ್ದು ಹೇಳುತ್ತಾರಲ್ಲ, ನೆಲವೂ ಹಾಗೇ ಹೇಳಿಬಿಟ್ಟಿತು.

"ಆಗಲಿ. ನೀನು ಹಾಕಿದ ಹಿಡಿ ಮಣ್ಣನ್ನು ನೀನೇ ತೆಕ್ಕೋ. ತೆಕ್ಕೊಂಡ್ರೆ ನಾನು ಬಾಯಿ ತೆಗೀತೀನಿ."

ಊರಿನವರೆಲ್ಲ ಹಾಕಿದ ಮಣ್ಣಿನಲ್ಲಿ ಒಂದು ಮಗುವಿನ ಹಿಡಿ ಮಣ್ಣನ್ನು ಯಾರು ಹುಡುಕಿ ತೆಗೆದಾರು? ಒಂದಷ್ಟು ಕೆದಕುತ್ತಾಳೆ, ಸುಸ್ತಾಗಿ ಮನೆಗೆ ಹೋಗುತ್ತಾಳೆ, ಉಂಡು ಮಲಗಿ ಮರೆಯುತ್ತಾಳೆ ಅಂತ ನೆಲದ ಎಣಿಕೆ. ಪಾಪ, ಸಣ್ಣಿ ಎಂಥವಳು ಅಂತ ಅದಕ್ಕೇನು ಗೊತ್ತು.

ಸಣ್ಣಿ ಕಣ್ಣೊರೆಸಿಕೊಂಡು ಎದ್ದು ಕೂತಳು. ಅವಳ ಮಣ್ಣು ಕಣ್ಣೀರಿನಲ್ಲಿ ನೆಂದಿತ್ತು, ಬಾಯಿಗಿಟ್ಟರೆ ಉಪ್ಪುಪ್ಪಾಗಿ ಇರಬೇಕು. ಒಂದು ಚಿಟಿಕೆ ತೆಗೆದು ನಾಲಿಗೆಗೆ ಇಟ್ಟಳು. ಇದಲ್ಲ. ಪಕ್ಕಕ್ಕೆ ಉಗಿದಳು. ಇನ್ನೊಂದು ಚಿಟಿಕೆ. ಇದೂ ಅಲ್ಲ. ಮತ್ತೊಂದು. ಅಲ್ಲ. ಗುಡ್ಡೆ ಕರಗಿತು, ಪಕ್ಕದಲ್ಲಿ ಸಣ್ಣ ಸಣ್ಣ ಗುಡ್ಡೆಗಳಾದವು. ಆಮೇಲೆ ಅವಳು ಒಳಗೆ ಇಳಿದಳು.

ಒಳಗೆ ಹೋಗುತ್ತಾ ಹೋಗುತ್ತಾ ಜಾಗ ಕಿರಿದಾಯಿತು, ಅವಳೂ ಕಿರಿದಾದಳು. ತೋಡಿ ತೋಡಿ ಕೈ ಸವೆದವು. ನಿಲ್ಲುವ ಕೆಲಸವೇ ಇಲ್ಲ ಅಂದಮೇಲೆ ಕಾಲಿದ್ದು ಏನು ಮಾಡಬೇಕು, ಅವೂ ಹೋದವು. ಆ ಕತ್ತಲಲ್ಲಿ ಕಣ್ಣು ಯಾಕೆ, ಅವೂ ಮುಚ್ಚಿಹೋದವು. ಮಣ್ಣು ತುಂಬಿ ಕಿವಿ ಮುಚ್ಚಿತು. ಮೈಯೆಲ್ಲ ಬಾಯಿ, ಬಾಯಿಯ ತುಂಬ ಮಣ್ಣು. ಇದಲ್ಲ, ಇದೂ ಅಲ್ಲ.

ಆಗ ನೆಲಕ್ಕೆ ಹೆದರಿಕೆ ಆಯಿತು. ಸುಮ್ಮನೆ ಅಂದೆ ಕಣವ್ವ, ನಿನ್ನ ಅಳು ನಿಲ್ಲಿಸೋಕೆ ಅಂದೆ, ಆಗದ ಮಾತು ಅದು, ಮೇಲಕ್ಕೆ ಹೋಗು, ನಿಮ್ಮವ್ವ ಹುಡುಕ್ತಾ ಅವ್ಳೆ ಅಂತ ಕೂಗಿ ಕೂಗಿ ಹೇಳಿತು. ಈಗ ನಿಜ ಹೇಳಿದರೆ ಏನು ಬಂತು? ಕೇಳೋಕೆ ಸಣ್ಣಿಗೆ ಕಿವಿ ಇರಲಿಲ್ಲ.

ಮರಿಯವ್ವ ಹುಡುಕದ ಜಾಗ ಇಲ್ಲ. ಹೊಳೆಯ ಮಡುವಿಗೆಲ್ಲ ಕೈಹಾಕಿ ನೋಡಿದಳು. ಗುಡ್ಡೆ ಕೆದರಿ ಹೋಗಿದ್ದನ್ನು ಕಂಡು ನರಿ ಕೆಲಸ ಅಂದುಕೊಂಡು ಮತ್ತೆ ಮಣ್ಣು ಎಳೆದು ಮುಚ್ಚಿದಳು. ಮಗಳು ಸಿಗಲಿಲ್ಲ, ಮೂರನೇ ದಿನ ಬಂತು. ಹಸು ಮಾತು ಕೊಟ್ಟ ಹಾಗೆ ಹಾಲು ಕೊಟ್ಟಿತು. ಊರವರು ಗುಡ್ಡೆಯ ಸುತ್ತ ನಿಂತರು. ಮರಿಯವ್ವ ತುಪ್ಪ ಬಿಟ್ಟಳು, ಹಾಲು ಬಿಟ್ಟಳು. ಹಾಲು ಮಣ್ಣಿನೊಳಗೆ ಇಂಗುತ್ತಾ ಇಂಗುತ್ತಾ ಕೆಳಗಿಳಿದು ಸಣ್ಣಿಯ ಮೈ ಮುಟ್ಟಿತು.

ಸಣ್ಣಿ ಬೆಚ್ಚಿದಳು. ಬೆಚ್ಚಗಿನ ಹಾಲು. ಇಷ್ಟು ಬೆಚ್ಚಗೆ ಹಾಲು ಕೊಡೋಳು ಇನ್ಯಾರು? ಅಜ್ಜಿ ಎದ್ದಿದ್ದಾಳೆ, ನಾನು ಇಲ್ಲಿ ಕೆಳಗೆ ಹುಡುಕುತ್ತಿದ್ದರೆ ಅಜ್ಜಿ ಮೇಲೆ ನನ್ನ ದಾರಿ ಕಾಯ್ತಾ ಇದ್ದಾಳೆ ಅಂತ ಅವಳಿಗೆ ಅನ್ನಿಸಿತು. ಮಣ್ಣು ಸೀಳಿಕೊಂಡು ಬಂದಳು. ಮೇಲೆ ಬಂದು ತಲೆ ಎತ್ತಿ ಅತ್ತ ಇತ್ತ ಆಡಿಸಿದಳು. ಸೆರಗು ಎಲ್ಲಿ, ಹಿಡಿಯೋಕೆ ಕೈ ಎಲ್ಲಿ?

ಅವಳು ಬಂದದ್ದು ಅವ್ವನ ಕಾಲ ಹತ್ತಿರಕ್ಕೇ. ಮರಿಯವ್ವ ಬಗ್ಗಿ ನೋಡಿದಳು. ಬೆರಳುದ್ದದ ಕೆಂಪು ಹುಳ. ಇಂಥ ಹುಳವನ್ನು ನಾನು ಕಂಡೇ ಇಲ್ಲ ಅಂದಳು. ತುಳಿದರೆ ಪಾಪ ಅಂತ ಕಡ್ಡಿಯಿಂದ ಎತ್ತಿ ಪಕ್ಕದ ಹಸಿ ಮಣ್ಣಿಗೆ ಬಿಟ್ಟಳು. ಬಿಟ್ಟು, ಹೊಳೆಯ ಕಡೆ ಮುಖ ಮಾಡಿ, ಸಣ್ಣಿ, ಎಲ್ಲಿದ್ದೀಯೇ ಸಣ್ಣಿ ಅಂತ ಎದೆ ಒಡೆಯೋ ಹಾಗೆ ಕೂಗಿದಳು. ಊರವರು ತೋಳು ಹಿಡಿದು ಕರಕೊಂಡು ಹೋದರು. ಗಾಳಿ ಹೇಳಿತ್ತಲ್ಲ, ಯಾರೂ ತಿರುಗಿ ನೋಡಲಿಲ್ಲ.

ನೆಲ ಎಲ್ಲವನ್ನೂ ನೋಡಿತು. ತಾನು ಆಡಿದ ಮಾತಿನಿಂದಲೇ ಇಷ್ಟೆಲ್ಲ ಆಯಿತು ಅಂತ ಅವತ್ತಿನಿಂದ ಅದು ಮಾತು ಬಿಟ್ಟಿತು. ನೀವು ಎಷ್ಟು ಕರೆದರೂ ಓಗೊಡುವುದಿಲ್ಲ.

ಈಗಲೂ ನಮ್ಮ ಕಡೆ ಮಣ್ಣಿಗೆ ಹೋದರೆ ಮನೆಯವರೆಲ್ಲ ಹಿಡಿ ಮಣ್ಣು ಹಾಕುತ್ತಾರೆ, ಮೂರನೇ ದಿನ ಹಾಲು ತುಪ್ಪ ಬಿಡುತ್ತಾರೆ. ಸಣ್ಣಿ ಮಾತ್ರ ಅವತ್ತಿನಿಂದ ಮಣ್ಣು ತಿನ್ನುತ್ತಲೇ ಇದ್ದಾಳೆ. ತಿಂದು ನೋಡುತ್ತಾಳೆ, ಇದಲ್ಲ ಅಂತ ಪಕ್ಕಕ್ಕೆ ಗುಡ್ಡೆ ಹಾಕುತ್ತಾಳೆ, ಮುಂದಕ್ಕೆ ಹೋಗುತ್ತಾಳೆ. ಅವಳ ಮಕ್ಕಳು, ಮೊಮ್ಮಕ್ಕಳು, ಅವರಿಗೂ ಅದೇ ಕೆಲಸ. ಮಳೆ ಬಂದು ಮಣ್ಣು ನೆಂದರೆ ಸಾಕು, ಮೇಲೆ ಹಾಲು ಬಿಡುತ್ತಿದ್ದಾರೆ, ಅಜ್ಜಿ ಎದ್ದಳು ಅಂದುಕೊಂಡು ಎಲ್ಲವೂ ದಡದಡ ಮೇಲೆ ಬರುತ್ತವೆ. ವಾಪಸ್ ಹೋಗೋಕೆ ಮನಸ್ಸು ಬಾರದೆ ಅಲ್ಲೇ ಕಾಯುತ್ತಾ ಬಿದ್ದಿರುತ್ತವೆ. ಬಿಸಿಲು ಬಂದು ಎಷ್ಟೋ ಒಣಗಿ ಸಾಯುತ್ತವೆ.

ನಾಳೆ ಮಳೆ ನಿಂತ ಮೇಲೆ ಅಂಗಳಕ್ಕೆ ಇಳಿದು ನೋಡಿ. ಒದ್ದೆ ನೆಲದ ಮೇಲೆ ಎರೆಹುಳ ತಲೆ ಎತ್ತಿ ಅತ್ತ ಇತ್ತ ಆಡಿಸುತ್ತಿರುತ್ತದಲ್ಲ, ಅದು ಅಜ್ಜಿ ಬಂದಳಾ ಅಂತ ಕೇಳುತ್ತಿರುವುದು. ನಿಮ್ಮಜ್ಜಿ ಬರಲ್ಲ ಕಣವ್ವ ಅಂತ ಈಗ ನಾವು ಎಷ್ಟು ಹೇಳಿದರೂ ಅದಕ್ಕೆ ಕೇಳಿಸುವುದಿಲ್ಲ.