ಐವತ್ತೆರಡನೇ ಪುಟ

ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ಇದ್ದ ಕಾರಿನ ಜೊತೆ ಬಂದ ಕೈಪಿಡಿ ಮೂರು ವರ್ಷದಿಂದ ಡ್ಯಾಶ್‌ಬೋರ್ಡಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗೇ ಬಿದ್ದಿತ್ತು. ಡಿಕ್ಕಿಯಲ್ಲಿ ಎರಡು ಆಯಿಲ್ ಡಬ್ಬಿಗಳು ಜಗಳಕ್ಕೆ ನಿಂತಿದ್ದವು.

"ನಾನು ದಪ್ಪ. ಟರ್ಬೊವನ್ನು ಕಾಯುವವನು ನಾನೇ!"

"ನಾನು ರೇಸಿಗೇ ಹುಟ್ಟಿದವನು!"

"ಐವತ್ತೆರಡನೇ ಪುಟ ನೋಡಿ ಮಾರಾಯ್ರೇ! ನೀವಿಬ್ಬರೂ ಇದಕ್ಕೆ ಆಗಿಬರುವವರಲ್ಲ!" ಎಂದು ಕೈಪಿಡಿ ಗಂಟಲು ಹರಿದುಕೊಂಡಿತು.

"ಮೊದಲು ನಿನ್ನ ಕವರು ಹರಿಯಲಿ, ಆಮೇಲೆ ಉಪದೇಶ ಮಾಡುವೆಯಂತೆ" ಎಂದು ಡಬ್ಬಿಗಳು ನಕ್ಕವು.

ಯಜಮಾನ ಪೂವಯ್ಯ ಊರವರನ್ನೆಲ್ಲ ಕೇಳಿ, ದಪ್ಪ ಎಣ್ಣೆಯನ್ನೇ ಸುರಿದ. ಘಟ್ಟ ಹತ್ತುವಾಗ, "ಎಣ್ಣೆ ನನ್ನ ತನಕ ಬರುತ್ತಲೇ ಇಲ್ಲ!" ಎಂದು ಚೀರಿದ ಟರ್ಬೊ ಹೊಗೆ ಕಾರಿ ನಿಂತಿತು.

ಪೂವಯ್ಯ ಕೈಪಿಡಿಯನ್ನು ಹೊರಗೆಳೆದ. "ಅಂತೂ ಬುದ್ಧಿ ಬಂತಲ್ಲ!" ಎಂದುಕೊಂಡಿತು ಅದು.

ಅವನು ಬಾನೆಟ್ ಎತ್ತಿ, ಕವರಿನ ಸಮೇತ ಅದರಿಂದಲೇ ಹೊಗೆಗೆ ಗಾಳಿ ಬೀಸತೊಡಗಿದ.