ವೈದ್ಯನ ಪಾಲಿನ ಕಾವಲು

"ಬುದ್ಧಿ, ಹಾಸ್ಟೆಲಿನ ಮಕ್ಕಳ ವಿವರಗಳನ್ನೆಲ್ಲ ಇನ್ನು ಮುಂದೆ ಕ್ಲೌಡ್‌ನಲ್ಲಿ ಇಡಬೇಕೆಂದು ತಮ್ಮ ಅಪ್ಪಣೆಯಾಗಿದೆ. ಯಾವ ಮಗುವಿಗೆ ತಂದೆ ಇಲ್ಲ, ಯಾವ ಮಗುವಿನ ತಾಯಿ ಜೈಲಿನಲ್ಲಿದ್ದಾಳೆ, ಎಲ್ಲವೂ ಅದರಲ್ಲಿ ಇರುತ್ತದೆ. ಮುಖ ಕಾಣದವರ ಕೈಗೆ ಇದನ್ನು ಒಪ್ಪಿಸಿ ನಾವು ನಿಶ್ಚಿಂತೆಯಿಂದ ಇರುವುದು ಹೇಗೆ?"

ಹೀಗೆ ಕೇಳಿದವನು ನಿರಂಜನ. ಮಠದಲ್ಲಿ ಓದಿ, ಮಠದಲ್ಲಿಯೇ ಉಳಿದು, ಹಾಸ್ಟೆಲಿನ ಉಸ್ತುವಾರಿ ನೋಡುತ್ತಿದ್ದ ಶಿಷ್ಯ. ಮಕ್ಕಳ ವಿವರಗಳೆಲ್ಲ ಈವರೆಗೆ ಅವನ ಫೋನಿನಲ್ಲಿಯೇ ಇದ್ದವು. ಕ್ಲೌಡ್ ಕಂಪನಿಯವರ ಮೇಲೆ ಅವನಿಗೆ ಅನುಮಾನ. ಅವರನ್ನು ಕರೆತಂದ ಮಠದ ಗುಮಾಸ್ತನ ಮೇಲೆಯೂ ಅನುಮಾನ. ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಯಾರನ್ನೂ ಸುಲಭವಾಗಿ ನಂಬುವವನಲ್ಲ. ರೋಗಿಗಳ ವಿವರಗಳನ್ನು ತನ್ನ ದವಾಖಾನೆಯ ಕಂಪ್ಯೂಟರಿನಲ್ಲಿಯೇ ಇಟ್ಟುಕೊಂಡಿದ್ದ. ಒಮ್ಮೆ ಆ ಕಂಪ್ಯೂಟರ್ ಸುಟ್ಟುಹೋಯಿತು. ಸಕ್ಕರೆ ಕಾಯಿಲೆಯ ಮುದುಕಿಯೊಬ್ಬಳಿಗೆ ಯಾವ ಔಷಧಿ ಆಗಿಬರುವುದಿಲ್ಲ ಎಂಬುದು ಅದರಲ್ಲಿತ್ತು. ಅವನಿಗೆ ನೆನಪಾಗಲಿಲ್ಲ, ಮುದುಕಿಗೂ ಗೊತ್ತಿರಲಿಲ್ಲ. ತಪ್ಪು ಔಷಧಿಯಿಂದ ಅವಳು ಸಾವಿನ ಬಾಗಿಲಿಗೆ ಹೋಗಿ ಬಂದಳು. ಆಗ ವೈದ್ಯ ಮನಸ್ಸಿಲ್ಲದ ಮನಸ್ಸಿನಿಂದ ಕ್ಲೌಡ್ ಕಂಪನಿಯೊಂದಕ್ಕೆ ಹೇಳಿಕಳಿಸಿದ.

ಕಂಪನಿಯ ಕಡೆಯಿಂದ ಅಶ್ರಫ್ ಎಂಬ ಇಂಜಿನಿಯರ್ ಬಂದ. ವೈದ್ಯ ಅವನನ್ನು ಎದುರಿಗೆ ಕೂರಿಸಿಕೊಂಡು ರೋಗ ಪತ್ತೆ ಮಾಡುವವನಂತೆ ಪ್ರಶ್ನೆ ಕೇಳಿದ. ಕ್ಲೌಡ್ ಎಂದರೆ ಎಲ್ಲಿ? ಆಕಾಶದಲ್ಲಂತೂ ಅಲ್ಲವಲ್ಲ?

"ನೆಲದ ಮೇಲೆಯೇ ಇದೆ ಸರ್. ದೊಡ್ಡ ಕಟ್ಟಡ, ಅದರ ತುಂಬ ಕಂಪ್ಯೂಟರುಗಳು. ನಿಮ್ಮ ವಿವರ ಒಂದು ಊರಿನಲ್ಲಿ ಇರುತ್ತದೆ, ಅದರ ನಕಲು ಇನ್ನೊಂದು ಊರಿನಲ್ಲಿ. ಒಂದು ಸುಟ್ಟರೆ ಇನ್ನೊಂದು ಉಳಿಯುತ್ತದೆ. ನೀವು ಇಂಟರ್ನೆಟ್‌ನಲ್ಲಿ ತೆರೆದು ನೋಡುತ್ತೀರಿ, ಅಷ್ಟೆ."

ಬಳಸುವುದಕ್ಕೆ ಮೂರು ಬಗೆ ಇದೆ ಎಂದು ಅಶ್ರಫ್ ಹೇಳಿದ. ಬರೀ ಯಂತ್ರವನ್ನು ಬಾಡಿಗೆಗೆ ಪಡೆಯಬಹುದು. ಅದು ಇನ್‌ಫ್ರಾಸ್ಟ್ರಕ್ಚರ್ ಸೇವೆ. ಯಂತ್ರ ಕಂಪನಿಯದು, ಅದರೊಳಗೆ ಏನನ್ನು ಕೂರಿಸಬೇಕು, ಹೇಗೆ ಕಾಯಬೇಕು ಎಂಬುದೆಲ್ಲ ಪಡೆದವನ ಹೊಣೆ. ಪ್ರೋಗ್ರಾಂ ಬರೆಯಬಲ್ಲವರಿದ್ದರೆ ಪ್ಲಾಟ್‌ಫಾರ್ಮ್ ಸೇವೆ ಪಡೆಯಬಹುದು. ಯಂತ್ರವನ್ನೂ ಅದನ್ನು ನಡೆಸುವ ವ್ಯವಸ್ಥೆಯನ್ನೂ ಕಂಪನಿ ನೋಡಿಕೊಳ್ಳುತ್ತದೆ, ಇವರು ತಮ್ಮ ಪ್ರೋಗ್ರಾಂ ತಂದು ಅದರ ಮೇಲೆ ಓಡಿಸಿದರೆ ಸಾಕು. ಇವೆರಡೂ ಬೇಡವೆಂದರೆ ಸಾಫ್ಟ್‌ವೇರ್ ಸೇವೆ. ದವಾಖಾನೆಗೆ ಬೇಕಾದ ಪ್ರೋಗ್ರಾಂ ತಯಾರಾಗಿಯೇ ಇರುತ್ತದೆ. ತೆರೆದು ಬಳಸುವುದೊಂದೇ ಕೆಲಸ.

"ಮೂರನೆಯದರಲ್ಲಿ ನನ್ನ ಹೊಣೆ ಏನೂ ಇಲ್ಲ ಅಂದ ಹಾಗಾಯಿತು," ಎಂದ ವೈದ್ಯ.

"ಇದೆ ಸರ್. ಯಾರನ್ನು ಒಳಗೆ ಬಿಡಬೇಕು, ಯಾರಿಗೆ ಏನು ಕಾಣಬೇಕು ಎಂಬುದು ಮೂರರಲ್ಲಿಯೂ ನಿಮ್ಮದೇ. ಅದನ್ನು ನಮ್ಮಿಂದ ಮಾಡಲಾಗುವುದಿಲ್ಲ."

ವೈದ್ಯ ಮೂರನೆಯದನ್ನೇ ಒಪ್ಪಿಕೊಂಡ. ಆದರೆ ಆ ಕೊನೆಯ ಮಾತಿಗೆ ಅವನು ಕಿವಿಗೊಡಲಿಲ್ಲ. ಕಟ್ಟಡಕ್ಕೆ ಕಾವಲು ಯಾರು, ಅಲ್ಲಿನ ನೌಕರರು ರೋಗಿಗಳ ವಿವರ ಓದಬಹುದೇ, ಓದಿದರೆ ಗೊತ್ತಾಗುವುದು ಹೇಗೆ ಎಂದು ಮತ್ತೆ ಮತ್ತೆ ಕೇಳಿದ. ಅಶ್ರಫ್ ಎಲ್ಲಕ್ಕೂ ಉತ್ತರ ಕೊಟ್ಟ. ಇಷ್ಟು ಸಲೀಸಾಗಿ ಉತ್ತರ ಕೊಡುವವನು ಏನನ್ನೋ ಮುಚ್ಚಿಡುತ್ತಿರಬೇಕು ಎಂದು ವೈದ್ಯನಿಗೆ ಅನ್ನಿಸಿತು.

ಕೆಲಕಾಲ ಎಲ್ಲವೂ ಸರಿಯಾಗಿ ನಡೆಯಿತು. ಆಮೇಲೊಂದು ದಿನ ಆ ಊರಿನ ಶಾಲೆಯ ಶಿಕ್ಷಕಿಯೊಬ್ಬಳು ದವಾಖಾನೆಗೆ ಬಂದಳು. ಚಿಕ್ಕಂದಿನಿಂದ ಅವಳಿಗೆ ಮೂರ್ಛೆ ರೋಗವಿತ್ತು. ಈ ವೈದ್ಯನ ಔಷಧಿಯಿಂದ ಅದು ಹತೋಟಿಗೆ ಬಂದಿತ್ತು. ಅವಳಿಗೆ ಮದುವೆ ಗೊತ್ತಾಗಿರುವುದು ಅವನಿಗೆ ತಿಳಿದಿತ್ತು. ಅವಳು ಕುರ್ಚಿಯಲ್ಲಿ ಕೂರಲಿಲ್ಲ.

"ಹುಡುಗನಿಗೆ ನಾನೇ ಹೇಳಬೇಕೆಂದಿದ್ದೆ ಡಾಕ್ಟರೇ. ನಾಳೆ ಅವರು ಬರುವವರಿದ್ದರು. ನಿನ್ನೆಯೇ ಅವರ ಮನೆಯಿಂದ ಫೋನ್ ಬಂತು. ನನ್ನ ಕಾಯಿಲೆ, ನಾನು ನುಂಗುವ ಮಾತ್ರೆಯ ಹೆಸರು, ಎಲ್ಲವೂ ಅವರಿಗೆ ಗೊತ್ತಿದೆ. ಮುಚ್ಚಿಟ್ಟಿರಿ, ಈ ಸಂಬಂಧ ಬೇಡ ಎಂದರು. ನನಗಿಂತ ಮೊದಲು ಹೇಳಿದವರು ಯಾರು?"

ವಿಚಾರಿಸಿ ಹೇಳುತ್ತೇನೆ ಎಂದ ವೈದ್ಯ. ಅವಳು ಹೋದ ಮೇಲೆ ಅಶ್ರಫ್‌ನಿಗೆ ಫೋನ್ ಮಾಡಿ ಬಾಯಿಗೆ ಬಂದದ್ದನ್ನು ಅಂದ. ನಮ್ಮ ಕಡೆ ಲೋಪವಾದಂತಿಲ್ಲ, ಯಾರು ಯಾರು ತೆರೆದು ನೋಡಿದ್ದಾರೆ ಎಂದು ಇಬ್ಬರೂ ಕೂತು ಹುಡುಕೋಣ ಎಂದು ಅಶ್ರಫ್ ಹೇಳಿದ. ತನ್ನ ತಪ್ಪು ಮುಚ್ಚಿಕೊಳ್ಳಲು ಇವನು ಸಮಯ ಕೇಳುತ್ತಿದ್ದಾನೆ ಎಂದುಕೊಂಡು ವೈದ್ಯ ಫೋನ್ ಇಟ್ಟುಬಿಟ್ಟ.

ಅಲ್ಲಿಂದ ಅವನ ಅನುಮಾನ ದವಾಖಾನೆಯೊಳಕ್ಕೆ ತಿರುಗಿತು. ಅಲ್ಲಿದ್ದವಳು ಒಬ್ಬಳೇ, ಕಸ್ತೂರಿ ಎಂಬ ದಾದಿ. ದವಾಖಾನೆ ತೆರೆದಾಗಿನಿಂದ ಜೊತೆಗಿದ್ದವಳು. ಶಿಕ್ಷಕಿಯ ಕಾಯಿಲೆ ಅವಳಿಗೆ ಗೊತ್ತು. ಹುಡುಗನ ಊರೂ ಅವಳ ತವರೂರೂ ಒಂದೇ. ವೈದ್ಯ ಅವಳನ್ನು ಗಮನಿಸತೊಡಗಿದ. ಫೋನ್ ಬಂದರೆ ಕಸ್ತೂರಿ ಗೋಡೆಯ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದಳು. ಅವಳು ಮೊದಲಿನಿಂದಲೂ ಹಾಗೆಯೇ ಮಾತಾಡುತ್ತಿದ್ದಳು. ರೋಗಿಗಳ ಎದುರು ದನಿಯೆತ್ತಬಾರದೆಂದು ಅವನೇ ಹೇಳಿಕೊಟ್ಟಿದ್ದ. ಅದೀಗ ಅವನಿಗೆ ನೆನಪಿಗೆ ಬರಲಿಲ್ಲ. ಅವಳು ಚಹಾ ತಂದಿಟ್ಟರೆ, ಇಂದೇಕೆ ಇಷ್ಟು ಉಪಚಾರ ಎನ್ನಿಸಿತು. ತರದಿದ್ದರೆ, ಮುಖ ತೋರಿಸಲು ಹೆದರಿದಳು ಎನ್ನಿಸಿತು.

ಒಂದು ಬೆಳಿಗ್ಗೆ ಕಸ್ತೂರಿ ಬಂದು ಕಂಪ್ಯೂಟರ್ ತೆರೆಯಲು ನೋಡಿದಳು. ಅವಳ ಪಾಸ್‌ವರ್ಡ್ ನಡೆಯಲಿಲ್ಲ. ವೈದ್ಯ ತಲೆಯೆತ್ತದೆ ಏನನ್ನೋ ಬರೆಯುತ್ತಿದ್ದ. ಅವಳು ದವಾಖಾನೆಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ತಪ್ಪು ಮಾಡದವಳಾಗಿದ್ದರೆ ಜಗಳವಾಡುತ್ತಿದ್ದಳು ಎಂದುಕೊಂಡು ವೈದ್ಯ ಸಮಾಧಾನಪಟ್ಟ.

ಕೆಲವು ವಾರಗಳ ಮೇಲೆ ನಗರದಿಂದ ಅವನ ಸ್ನೇಹಿತನೊಬ್ಬ ಫೋನ್ ಮಾಡಿದ. ಅವನು ನರರೋಗಗಳ ತಜ್ಞ. ಹಿಂದೆ ಆ ಶಿಕ್ಷಕಿಯ ಔಷಧಿಯ ಬಗ್ಗೆ ವೈದ್ಯ ಅವನ ಸಲಹೆ ಕೇಳಿದ್ದ.

"ಅಲ್ಲಯ್ಯಾ, ಅವತ್ತು ನೀನು ಕಳಿಸಿದ ಲಿಂಕ್ ಇನ್ನೂ ತೆರೆದುಕೊಳ್ಳುತ್ತಿದೆಯಲ್ಲ. ಆ ಹುಡುಗಿಯದಷ್ಟೇ ಅಲ್ಲ, ನಿನ್ನ ಬೇರೆ ರೋಗಿಗಳದ್ದೂ ಕಾಣುತ್ತಿದೆ. ಅವತ್ತು ಅದನ್ನು ನಮ್ಮ ಡಾಕ್ಟರುಗಳ ಗುಂಪಿಗೂ ಹಾಕಿದ್ದೆ, ಇನ್ನೊಬ್ಬರ ಅಭಿಪ್ರಾಯ ಸಿಗಲಿ ಎಂದು."

ವೈದ್ಯನಿಗೆ ಆ ಸಂಜೆ ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಮೊದಲು ಕಳಿಸಿದ್ದು ಸ್ನೇಹಿತನಿಗೆ ತೆರೆದುಕೊಂಡಿರಲಿಲ್ಲ. ಅವನ ಹೆಸರು ಸೇರಿಸಿ ಅನುಮತಿ ಕೊಡಬೇಕಿತ್ತು. ಅಷ್ಟು ತಾಳ್ಮೆ ಇವನಿಗಿರಲಿಲ್ಲ. ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು ಎಂಬುದನ್ನು ಒತ್ತಿ, ಹಾಗೆಯೇ ಕಳಿಸಿದ್ದ. ಈಗ ಹೆಂಡತಿಯ ಫೋನ್ ತೆಗೆದುಕೊಂಡು ಅದೇ ಲಿಂಕ್ ಒತ್ತಿದ. ಪಾಸ್‌ವರ್ಡ್ ಕೇಳಲಿಲ್ಲ. ಶಿಕ್ಷಕಿಯ ಹೆಸರು, ಅವಳ ಕಾಯಿಲೆ, ಮಾತ್ರೆ, ಅದರ ಕೆಳಗೆ ಸಾಲಾಗಿ ಉಳಿದವರ ಹೆಸರುಗಳು. ಆ ಗುಂಪಿನಲ್ಲಿ ಹುಡುಗನ ಸಂಬಂಧಿಕನೊಬ್ಬನಿದ್ದ ಎಂಬುದು ವಿಚಾರಿಸಿದ ಮೇಲೆ ತಿಳಿಯಿತು.

ವೈದ್ಯ ಆ ಲಿಂಕನ್ನು ಮುಚ್ಚಿದ. ಅದರಲ್ಲಿ ಹೆಸರು ಕಾಣಿಸಿದ್ದ ರೋಗಿಗಳನ್ನೆಲ್ಲ ಕಂಡು ನಡೆದದ್ದನ್ನು ಹೇಳಿದ. ಕೆಲವರು ಬೈದರು, ಕೆಲವರು ಬೇರೆ ವೈದ್ಯರನ್ನು ನೋಡಿಕೊಂಡರು. ಅಶ್ರಫ್‌ನಿಗೆ ಫೋನ್ ಮಾಡಿ ಕ್ಷಮೆ ಕೇಳಿದ. ಶಿಕ್ಷಕಿ ಎಲ್ಲವನ್ನೂ ಕೇಳಿಸಿಕೊಂಡು, "ಅವರಿಗೆ ಗೊತ್ತಾದದ್ದು ಸುಳ್ಳಲ್ಲ. ಆದರೆ ಅದು ನಾನು ಆಡಬೇಕಾಗಿದ್ದ ಮಾತು," ಎಂದಳು. ಹುಡುಗ ಮನಸ್ಸು ಬದಲಿಸಿ ಮತ್ತೆ ಹೇಳಿಕಳಿಸಿದ್ದನಂತೆ. ಅವಳು ಒಪ್ಪಲಿಲ್ಲ.

ಕೊನೆಗೆ ಕಸ್ತೂರಿಯ ಮನೆಗೆ ಹೋದ. ಅವಳು ಒಳಗೆ ಕರೆದು ನೀರು ಕೊಟ್ಟಳು. ತಪ್ಪು ನನ್ನದು, ಕೆಲಸಕ್ಕೆ ಮರಳಿ ಬಾ ಎಂದು ಅವನು ಕೇಳಿಕೊಂಡ.

"ಅನುಮಾನ ಯಾರಿಗಾದರೂ ಬರುತ್ತದೆ ಡಾಕ್ಟರೇ. ಆದರೆ ನೀವು ನನ್ನನ್ನು ಒಂದು ಮಾತು ಕೇಳಲಿಲ್ಲ," ಎಂದಳು. ಅವಳು ಮರಳಿ ಬರಲಿಲ್ಲ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಆಗ ನಿರಂಜನ ಕೇಳಿದ.

"ಹಾಗಾದರೆ ಬುದ್ಧಿ, ಕಂಪನಿಯನ್ನು ಅನುಮಾನಿಸಬೇಡ ಎನ್ನುತ್ತೀರಾ? ಅವರು ಕಾಯುತ್ತಾರೆಂದು ಸುಮ್ಮನಿರಬೇಕೇ?"

"ಅವರನ್ನೂ ಕೇಳು, ಬೇಡ ಅನ್ನಲಿಲ್ಲ," ಎಂದು ಗುರುಗಳು ಕೈ ಚಾಚಿದರು. "ಮೊದಲು ನಿನ್ನ ಫೋನ್ ಇತ್ತ ಕೊಡು, ಮಕ್ಕಳ ಹೆಸರು ನನಗೂ ತೆರೆದುಕೊಳ್ಳುತ್ತದೆಯೋ ನೋಡೋಣ."

ನಿರಂಜನ ಫೋನ್ ಕೊಡಲಿಲ್ಲ. ಅದಕ್ಕೆ ಅವನು ಪಾಸ್‌ವರ್ಡ್ ಹಾಕಿರಲಿಲ್ಲ.