ತೊಮಾಸಾಳ ತಲೆಬಾಗಿದ ಜೋಳ

ಒಂದಾನೊಂದು ಕಾಲದಲ್ಲಿ, ಆ ಕಡೆ ಒಂದು ಸಮುದ್ರ ಈ ಕಡೆ ಒಂದು ಸಮುದ್ರ, ನಡುವೆ ಸೊಂಟದ ಹಾಗೆ ಸಣ್ಣಗಾದ ಒಂದು ನಾಡಿತ್ತಂತೆ. ಎಲ್ಲಿ ಅಂತ ಕೇಳ್ಬೇಡ, ಭೂಮಿಯ ಆ ಬದಿಗೆ, ನಾವಿಲ್ಲಿ ಮಲಗೋ ಹೊತ್ತಿಗೆ ಅಲ್ಲಿ ಎದ್ದು ರೊಟ್ಟಿ ತಟ್ತಿರ್ತಾರೆ. ಅಲ್ಲೊಂದು ಗುಡ್ಡದ ಮೇಲಿನ ಪುಟ್ಟ ಊರಲ್ಲಿ ತೊಮಾಸಾ ಅಂತ ಒಬ್ಬಳಿದ್ದಳಂತೆ. ಯಾಕೆ ನಗ್ತೀಯಾ? ನಮ್ಮಲ್ಲಿ ತಿಮ್ಮಕ್ಕ ಇಲ್ವಾ, ಹಾಗೇ ಅಲ್ಲಿ ತೊಮಾಸಾ. ಅವಳ ಗಂಡ ಜ್ವರ ಬಂದು ತೀರಿಕೊಂಡಿದ್ದ. ಉಳಿದದ್ದು ಮೂರು ಹೆಣ್ಮಕ್ಕಳು, ದೊಡ್ಡವಳು ಪೆತ್ರೋನಾ, ನಡುವಿನವಳು ಚಬೇಲಾ, ಚಿಕ್ಕವಳು ನಿಚಾ, ಮತ್ತೆ ಇಳಿಜಾರಲ್ಲಿ ಒಂದು ಹೊಲ.

ಆ ಊರಲ್ಲಿ ನೆಲ ಯಾರ ಸ್ವಂತದ್ದೂ ಅಲ್ವಂತೆ, ಊರಿನದು. ಬೆಳೆ ತೆಗೆದು ಮನೆಗೆ ತಂದವರಿಗೆ ಹೊಲ, ತರದಿದ್ರೆ ಇನ್ನೊಬ್ಬರಿಗೆ. ಹೀಗಿರುವಾಗ ಗಂಡನ ತಮ್ಮ ಎವರಿಸ್ತೋ ಬಂದನಂತೆ. ಇವನು ಎಳೇ ವಯಸ್ಸಲ್ಲೇ ಊರು ಬಿಟ್ಟು, ಕೆಳಗೆ ಯಾರದೋ ಬಾಳೆತೋಟದಲ್ಲಿ ಮೇಸ್ತ್ರಿಯಾಗಿ, ಈಗ ಬೂಟು ಹಾಕ್ಕೊಂಡು ವಾಪಸ್ ಬಂದಿದ್ದ. ಹಿರಿಯರ ಮುಂದೆ ನಿಂತು, ಮೂರು ಹೆಣ್ಣು ಕಟ್ಕೊಂಡು ಇವಳೇನು ಬೆಳೀತಾಳೆ, ಅಣ್ಣನ ಹೊಲ ನನಗೆ ಕೊಡಿ ಅಂದನಂತೆ. ತೊಮಾಸಾಗೆ ಮೈಯೆಲ್ಲ ಉರಿದುಹೋಯ್ತು. ಈ ಸಲದ ಬೆಳೆ ಮನೆಗೆ ಬರದಿದ್ರೆ ನಾನೇ ಬಿಟ್ಟುಕೊಡ್ತೀನಿ, ಅಲ್ಲಿವರೆಗೆ ಅದರೊಳಗೆ ನಿನ್ನ ಬೂಟು ಇಡಬೇಡ ಅಂದ್ಲಂತೆ. ಹಿರಿಯರೂ ಹೂಂ ಅಂದರು.

ಆಮೇಲೆ ಬಿತ್ತನೆ ಬಂತು. ಅಷ್ಟು ಇಳಿಜಾರಲ್ಲಿ ನೇಗಿಲು ನಿಲ್ಲಲ್ಲ ಕೂಸೇ, ಚೂಪು ಕೋಲಲ್ಲಿ ಕುಳಿ ಮಾಡಿ ಮುಸುಕಿನ ಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಟ್ಟಿಗೆ ಬಿತ್ತೋರು. ಜೋಳ ಎದ್ದು ನಿಲ್ಲುತ್ತೆ, ಹುರುಳಿಕಾಯಿ ಬಳ್ಳಿ ಅದನ್ನ ಹಿಡ್ಕೊಂಡು ಹತ್ತುತ್ತೆ, ಕುಂಬಳದ ಎಲೆ ಹರಡಿ ಕಳೆ ಏಳೋಕೆ ಬಿಡಲ್ಲ. ಈ ಕೆಲಸಕ್ಕೆ ಊರ ಗಂಡಸರದು ಮುಯ್ಯಾಳು, ಇವತ್ತು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಗಂಡಸಿಲ್ಲದ ಮನೆಯನ್ನ ಯಾರೂ ಕರೀಲೇ ಇಲ್ಲ. ಆಗ ಪೆತ್ರೋನಾ ಅಪ್ಪನ ಕೋಲು ತಗೊಂಡು, ಕರೆಯದೇ ಇದ್ರೂ ಹೋಗಿ ಅವರ ಸಾಲಲ್ಲಿ ನಿಂತುಬಿಟ್ಟಳಂತೆ. ಎಲ್ಲ ನಕ್ಕರು. ನಗಲಿ ಅಂತ ಸಂಜೆವರೆಗೂ ಬಿತ್ತಿದಳು, ಆಮೇಲೆ ಇನ್ನೊಬ್ಬರ ಹೊಲ, ಆಮೇಲೆ ಮತ್ತೊಬ್ಬರದು. ಮುಯ್ಯಿ ತೀರಿಸದೇ ಉಳಿಯೋದು ಆ ಊರಲ್ಲಿ ಬಲು ನಾಚಿಕೆಗೇಡು, ಹಾಗಾಗಿ ನಕ್ಕವರೆಲ್ಲ ಒಂದು ಬೆಳಿಗ್ಗೆ ಕೋಲು ಹಿಡಿದು ತೊಮಾಸಾ ಹೊಲಕ್ಕೆ ಬಂದೇ ಬಂದರಂತೆ.

ಆಮೇಲೆ ತೆನೆ ಹಾಲುಗಟ್ಟಿತು, ಗಿಳಿಗಳ ಹಿಂಡು ಎರಗಿತು. ಚಬೇಲಾ ಇದ್ದಳಲ್ಲ, ಊರೆಲ್ಲ ಅವಳನ್ನ ಬಾಯಿಬಡುಕಿ ಅಂತ ಬಯ್ಯೋರು, ನಿನ್ನ ಬೈತಾರಲ್ಲ, ಹಾಗೇ. ಅವಳು ಬೆಳಗಾದ್ರೆ ಬಂಡೆ ಹತ್ತಿ ಕೂಗೋಳಂತೆ. ಗಿಳಿ ಹಾಗಿರ್ಲಿ, ಪಕ್ಕದ ಗುಡ್ಡದ ಮೇಕೆನೂ ಬೆಚ್ಚಿಬೀಳೋದಂತೆ.

ಆಮೇಲೆ ಬಂದದ್ದು ಕಷ್ಟದ್ದು. ತೆನೆ ಬಲಿತಿದೆ, ಇನ್ನೂ ಒಣಗಿಲ್ಲ, ಅಷ್ಟರಲ್ಲಿ ಸಮುದ್ರದ ಕಡೆ ಮೋಡ ಕಟ್ಟಿತು. ಈಗಲೇ ಕಿತ್ತರೆ ಬೂಷ್ಟು ಹಿಡಿಯುತ್ತೆ, ಹಾಗೇ ಬಿಟ್ಟರೆ ನೀರು ಮುಸುಕಿನೊಳಗೆ ಇಳಿದು ಕೊಳೆಯುತ್ತೆ. ನಿಚಾ ಓಡಿಬಂದು, ಅಮ್ಮಾ, ಅಪ್ಪ ಬಗ್ಗಿಸ್ತಿದ್ದನಲ್ಲ, ಬಗ್ಗಿಸೋಣ ಬಾ ಅಂದ್ಲಂತೆ. ಅದು ಅವರ ಹಳೇ ಪದ್ಧತಿ, ತೆನೆಯ ಕೆಳಗೆ ದಂಟನ್ನ ಮುರಿದುಬೀಳದ ಹಾಗೆ ಮೆಲ್ಲಗೆ ಮಡಚೋದು. ತೆನೆ ತಲೆಕೆಳಗಾಗಿ ನೇತಾಡುತ್ತೆ, ಮಳೆ ಜಾರಿಹೋಗುತ್ತೆ, ಒಳಗಿನ ಕಾಳು ಬೆಚ್ಚಗಿರುತ್ತೆ. ತಾಯಿ ಮಕ್ಕಳು ನಾಲ್ವರೂ ಅಂಗೈ ಸುಲಿಯೋವರೆಗೂ ಬಗ್ಗಿಸಿದರು, ಕೊನೇ ಸಾಲು ಮುಗಿಯೋದಕ್ಕೂ ಮಳೆ ಬೀಳೋದಕ್ಕೂ ಸರಿಹೋಯ್ತಂತೆ.

ಮಳೆ ನಿಂತು ಎಷ್ಟೋ ದಿನ ಬಿಸಿಲು ಕಾಯ್ತು. ಎವರಿಸ್ತೋ ಎದುರು ಗುಡ್ಡದಿಂದ ನೋಡ್ತಾನೆ, ಹೊಲಕ್ಕೆ ಹೊಲವೇ ತಲೆ ಕೆಳಗೆ ಹಾಕಿ ನಿಂತಿದೆ! ಕುಣಿದುಕೊಂಡು ಹೋಗಿ ಊರೆಲ್ಲ ಕೂಡಿಸಿ, ಗಾಳಿಗೆ ಬೆಳೆಯೆಲ್ಲ ಮುರಿದುಬಿತ್ತು, ಹೊಲ ಕೊಡಿ ಅಂದನಂತೆ. ಆಗ ಒಬ್ಬ ಮುದುಕ ಕೆಮ್ಮು ಬರೋವರೆಗೂ ನಕ್ಕು, ಏನಪ್ಪಾ, ನಿಮ್ಮಪ್ಪ ನಿನ್ನ ಕೈಯಲ್ಲೂ ದಂಟು ಬಗ್ಗಿಸೋ ಕೆಲಸ ಮಾಡಿಸಿದ್ದನಲ್ಲೋ, ಅದನ್ನೂ ಮರೆತೆಯಾ ಅಂದನಂತೆ. ಊರಿಗೆ ಊರೇ ಹೊಲಕ್ಕೆ ಹೋಯ್ತು. ನಿಚಾ ಒಂದು ತೆನೆ ಕಿತ್ತು ಮುಸುಕು ಸುಲಿದು ಚಿಕ್ಕಪ್ಪನ ಕೈಗೇ ಕೊಟ್ಟಳು. ಕಾಳು ಒಣಗಿ ಗಟ್ಟಿಯಾಗಿ ಬಂಗಾರದ ಹಾಗೆ ಹೊಳೀತಿತ್ತಂತೆ.

ಎವರಿಸ್ತೋ ತೆನೆ ಹಿಡ್ಕೊಂಡು ತಲೆ ಎತ್ತಲೇ ಇಲ್ಲ. ತೊಮಾಸಾ ಹತ್ತಿರ ಬಂದು, ನಾಳೆ ಕಟಾವು, ಒಂದಾಳು ಕಡಿಮೆ ಬಿದ್ದಿದೆ, ಬೂಟು ಬಿಚ್ಚಿಟ್ಟು ಬಾ, ನಿನ್ನ ಮುಯ್ಯಿ ನಾವು ತೀರಿಸ್ತೀವಿ ಅಂದ್ಲಂತೆ. ಮಾರನೇ ದಿನ ಎಲ್ಲರಿಗಿಂತ ಮುಂಚೆ ಬಂದು ಬರಿಗಾಲಲ್ಲಿ ನಿಂತಿದ್ದನಂತೆ ಅವನು. ಬೆಳೆ ಮನೆಗೆ ಬಂತು, ಅಟ್ಟ ತುಂಬಿತು, ಬೀಜದ ತೆನೆ ಒಲೆಯ ಹೊಗೆಗೆ ತೂಗುಬಿದ್ದವು. ಅದುವರೆಗೂ ಹೊಲಗಳಿಗೆಲ್ಲ ಗಂಡಸರ ಹೆಸರೇ ಇದ್ದ ಆ ಊರಲ್ಲಿ ಅಂದಿನಿಂದ ಎಲ್ಲರೂ ಅದನ್ನ ತೊಮಾಸಾ ಹೊಲ ಅಂತಲೇ ಕರೆದರಂತೆ, ಎವರಿಸ್ತೋ ಕೂಡ. ಹೇಳುವಾಗ ನನಗೇ ಎದೆ ಉಬ್ಬುತ್ತೆ ನೋಡು.

ಜೋಳ ಅವರ ಅಟ್ಟ ಸೇರ್ತು, ಕತೆ ಇಲ್ಲಿಗೆ ಮುಗೀತು. ತಲೆ ಬಗ್ಗಿಸಿ ಮಲಕ್ಕೋ ನನ್ನ ಬಾಯಿಬಡುಕಿ, ನಾಳೆ ಎದ್ದು ಎಷ್ಟು ಬೇಕೋ ಅಷ್ಟು ಕೂಗು.